ಓದಿ ಕೇಳಲಾಗಿ ಸರಿಯಿದೆ

ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿ ಬೆನ್ನು ಕಾಯಿಸುತ್ತ ಕೂತಿದ್ದೆ. ಹೊರಗೆ ಆಶ್ಲೇಷ ಮುಗಿಸಿ ಮಖೆ ಹಿಡಿದ ಮಳೆ. ನಾನು ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟು ಹಾಕುತ್ತಿದ್ದರೆ ಮೊಮ್ಮಗ ಸ್ಟೀಲ್ ತಟ್ಟೆ ಹಿಡಿದು ಕಾಯುತ್ತಿದ್ದ. ಹಪ್ಪಳ ಖಾಲಿಯಾದಾಗ ತಟ್ಟೆಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಅಕ್ಷರ ಅವನ ಕಣ್ಣಿಗೆ ಬಿತ್ತು. ಪೊಲೀಸ್ ನೌಕರರ ಪತ್ತಿನ ಸಹಕಾರ ಸಂಘ.

"ತಾತ, ಪೊಲೀಸರಿಗೂ ಸಂಘ ಇರುತ್ತಾ? ನೀವೂ ಸ್ಟ್ರೈಕ್ ಮಾಡ್ತಿದ್ರಾ?"

ನಗು ಬಂತು. ಖಾಕಿ ಹಾಕಿದವನಿಗೆ ಸಂಘ ಅನ್ನುವ ಮಾತೇ ಸ್ವಲ್ಪ ಬಿಸಿ ತುಪ್ಪ. ಸಂವಿಧಾನದ 33ನೇ ವಿಧಿ ಒಂದಿದೆ, ಅದರ ಬೆನ್ನಿಗೆ 1966ರ ಕಾಯಿದೆ ಒಂದಿದೆ. ಸರ್ಕಾರದ ಅನುಮತಿ ಇಲ್ಲದೆ ಪೊಲೀಸನಾದವನು ಕಾರ್ಮಿಕ ಸಂಘ ಸೇರುವಂತಿಲ್ಲ. ಪಕ್ಕದ ಕೇರಳದಲ್ಲಿ ಅನುಮತಿ ಇದೆ, ಅಲ್ಲಿ ಕಾನ್‌ಸ್ಟೆಬಲ್‌ಗಳಿಗೆ ಒಂದು, ಅಧಿಕಾರಿಗಳಿಗೆ ಇನ್ನೊಂದು ಸಂಘ ರಾಜಾರೋಷವಾಗಿ ನಡೆಯುತ್ತವೆ. ನಮ್ಮಲ್ಲಿ 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಹಾಕಿ ಅಂತ ಕರೆ ಬಂತು. ಕರೆ ಕೊಟ್ಟವರು ಒಳಗೆ ಹೋದರು. ರಜೆ ಚೀಟಿಗಳ ಕಟ್ಟು ನನ್ನ ಮೇಜಿನ ಮೇಲೇ ಇತ್ತು, ಯಾಕೆಂದರೆ ನಾನು ಠಾಣೆಯ ರೈಟರ್. 4ರ ಬೆಳಿಗ್ಗೆ ನೋಡಿದರೆ ಚೀಟಿ ಬರೆದವರೆಲ್ಲ ಶೂ ಪಾಲಿಶ್ ಮಾಡಿಕೊಂಡು ರೋಲ್‌ಕಾಲ್‌ಗೆ ಹಾಜರ್. ಆಮೇಲೆ ನಮ್ಮ ಸಂಬಳದ ಬಗ್ಗೆ ಔರಾದ್ಕರ್ ಸಮಿತಿ, ವರದಿ, 2019ರಲ್ಲಿ ಸಂಬಳ ಒಂದಿಷ್ಟು ಏರಿದ್ದು, ಅದೆಲ್ಲ ಬೇರೆ ಕಥೆ.

ನಮಗೆ ಇದ್ದದ್ದು ಈ ತಟ್ಟೆಯ ಮೇಲಿನ ಸಂಘ. ಮಗಳ ಮದುವೆಗೆ, ಸೈಟಿಗೆ, ಬೈಕಿಗೆ ಸಾಲ ಕೊಡುವ ಸಂಘ. ಒಬ್ಬ ಸಾಲ ತೆಗೆದರೆ ಇನ್ನಿಬ್ಬರು ಜಾಮೀನು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ಲೆಕ್ಕಪತ್ರ, ಉಪ್ಪಿಟ್ಟು ಕೇಸರಿಬಾತು, ಹೋಗುವಾಗ ಒಂದು ಪಾತ್ರೆ. ಒಂದು ವರ್ಷ ಹಾಟ್‌ಬಾಕ್ಸ್, ಒಂದು ವರ್ಷ ಟಿಫನ್ ಕ್ಯಾರಿಯರ್. 2018ಕ್ಕೆ ಊಟದ ತಟ್ಟೆ.

ದಾನಧರ್ಮವೂ ನಡೆಯುತ್ತಿತ್ತು ಅನ್ನಿ. ರಕ್ತದಾನ, ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ಸರ್ಕಾರಿ ಆಸ್ಪತ್ರೆಯಲ್ಲಿ ಹಣ್ಣು-ಬ್ರೆಡ್ಡು. ಆ ಫೋಟೋಗಳನ್ನು ನೋಡಬೇಕು ನೀವು. ಒಂದು ಬಾಳೆಹಣ್ಣಿಗೆ ನಾಲ್ಕು ಕೈ, ರೋಗಿಯ ಮುಖ ಮಾತ್ರ ಎಲ್ಲೋ ಮೂಲೆಯಲ್ಲಿ. ಇನ್ನು ಏಪ್ರಿಲ್ 2ರ ಧ್ವಜ ದಿನ. 1965ರಲ್ಲಿ ಆ ದಿನ ಕರ್ನಾಟಕ ಪೊಲೀಸ್ ಕಾಯಿದೆ ಜಾರಿಗೆ ಬಂದದ್ದರ ನೆನಪಿಗೆ ಪುಟ್ಟ ಧ್ವಜ ಮಾರುತ್ತೇವೆ, ಹಣ ಪೊಲೀಸರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಂಗಡಿಯವರು ಮಾತಾಡದೆ ಕೊಳ್ಳುತ್ತಾರೆ. ಪ್ರೀತಿಯಿಂದಲೋ, ಮುಂದೆ ನಿಂತ ಟೋಪಿ ನೋಡಿಯೋ ಅಂತ ನಾನು ಯಾರನ್ನೂ ಕೇಳಲು ಹೋಗಲಿಲ್ಲ.

ಈ ತಟ್ಟೆ ಬಂದ 2018ರಲ್ಲಿ ನಾನು ಕೊಡಗಿನಲ್ಲಿದ್ದೆ. ಅರಕಲಗೂಡು ಕಡೆಯವನಿಗೆ ಮಳೆ ಹೊಸದಲ್ಲ. ಆದರೆ ಆ ಸಲದ್ದು ಬೀಳುವ ಮಳೆಯಾಗಿರಲಿಲ್ಲ, ಸುರಿಯುವ ಮಳೆಯೂ ಅಲ್ಲ. ಬೆಟ್ಟ ನೀರು ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಆಗಸ್ಟ್ 15ಕ್ಕೆ ಧ್ವಜ ಹಾರಿಸಿ ಸಮವಸ್ತ್ರ ಹಿಂಡಿ ಹಾಕಿದೆವು. 16, 17ರ ಹೊತ್ತಿಗೆ ವೈರ್‌ಲೆಸ್‌ನಲ್ಲಿ ಊರುಗಳ ಹೆಸರು ಒಂದರ ಮೇಲೊಂದು ಬರತೊಡಗಿತು. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಕಾಲೂರು, ಮೊಣ್ಣಂಗೇರಿ. ಜೋಡುಪಾಲದಲ್ಲಿ ಗುಡ್ಡ ಇಳಿದು ಮಂಗಳೂರು ರಸ್ತೆ ಬಂದ್. ಮಣ್ಣು ಜಾರಿತು ಅನ್ನುತ್ತಾರಲ್ಲ, ಆ ಮಾತು ಸಾಲದು. ಕಾಫಿ ತೋಟ ನಿಂತ ನಿಲುವಿನಲ್ಲೇ, ನೆರಳಿನ ಮರಗಳ ಸಮೇತ, ಕೆಳಗಿನ ಹೊಳೆಗೆ ನಡೆದುಕೊಂಡು ಹೋದ ಹಾಗಿತ್ತು. ಜಿಲ್ಲೆಯಲ್ಲಿ ಸತ್ತವರು ಇಪ್ಪತ್ತರ ಆಸುಪಾಸು. ಮನೆ ಬಿಟ್ಟು ಬಂದವರು ಸಾವಿರಗಟ್ಟಲೆ.

ಮಡಿಕೇರಿಯ ಮೈತ್ರಿ ಪೊಲೀಸ್ ಸಮುದಾಯ ಭವನವೂ ಶಿಬಿರವಾಯಿತು. ನಮ್ಮವರ ಮಕ್ಕಳ ಮದುವೆ, ನಾಮಕರಣ, ಬೀಳ್ಕೊಡುಗೆ ನಡೆಯುವ ಜಾಗ. ಅಲ್ಲಿಗೆ ಬರಲು ಮೊದಲು ಕೆಲವರು ಹಿಂಜರಿದರು. ಮೈಯೆಲ್ಲ ಕೆಸರಾದ ಒಬ್ಬ ಮುದುಕ ಮೆಟ್ಟಿಲ ಬಳಿ ನಿಂತು, "ನಾವೇನು ತಪ್ಪು ಮಾಡಿದ್ದೀವಿ ಸಾರ್, ಪೊಲೀಸ್ ಹಾಲಿಗೆ ಕರ್ಕೊಂಡು ಬಂದ್ರಿ?" ಅಂದ. ತಮಾಷೆಗೆ ಅಂದದ್ದಲ್ಲ.

ಸಂಘದ ಅಧ್ಯಕ್ಷರು ಒಬ್ಬ ಎಎಸ್‌ಐ, ಮಾತು ಕಡಿಮೆ. ಹಣ ಕೂಡಿಸೋಣ ಅಂದಾಗ ಯಾರೋ ಪೇಟೆಯ ಅಂಗಡಿಗಳ ಪಟ್ಟಿ ತೆಗೆದರು. ಅವರು ಪಟ್ಟಿ ಮಡಿಸಿ ಜೇಬಿಗಿಟ್ಟುಕೊಂಡರು. "ನಾವು ಕೇಳಿದರೆ ಅದು ದೇಣಿಗೆ ಆಗಲ್ಲ, ವಸೂಲಿ ಆಗುತ್ತೆ. ನಮ್ಮ ಜೇಬಲ್ಲಿ ಎಷ್ಟಿದೆಯೋ ಅಷ್ಟೇ." ಸಂಘದ ಹಣದಿಂದ ಒಂದು ರೂಪಾಯಿ ತೆಗೆಯಬೇಕಾದರೂ ಸಭೆ, ಠರಾವು, ಆಡಿಟ್ಟು. ಮಳೆ ಆಡಿಟ್ಟಿಗೆ ಕಾಯುತ್ತದೆಯೇ? ಹಾಗಾಗಿ ಹ್ಯಾಟು ಮಗುಚಿದೆವು. ಆಗ ಪೀಸಿಗಳಿಗೆ ಒಂದು ಬದಿ ಮಡಿಸಿದ ಅಗಲ ಅಂಚಿನ ಸ್ಲೋಚ್ ಹ್ಯಾಟು ಇತ್ತು. ಪೀಕ್ ಕ್ಯಾಪು ಬಂದದ್ದು ಮೊನ್ನೆ ಮೊನ್ನೆ, 2025ರಲ್ಲಿ. ಹ್ಯಾಟಿನ ಬಗ್ಗೆ ನಮಗೆಲ್ಲ ದೂರೇ. ಓಡಿದರೆ ಬೀಳುತ್ತದೆ, ನೆನೆದರೆ ಭಾರ. ಆದರೆ ಮಗುಚಿದರೆ ಅಷ್ಟು ಒಳ್ಳೆಯ ಬುಟ್ಟಿ ಇನ್ನೊಂದಿಲ್ಲ. ಎಷ್ಟು ಬಿತ್ತು ಅಂತ ಹೇಳುವುದಿಲ್ಲ. ತಿಂಗಳ ಮೂರನೇ ವಾರ, ಪೊಲೀಸರ ಜೇಬು, ನೀವೇ ಲೆಕ್ಕ ಹಾಕಿ. ಸರ್ಕಾರಿ ನೌಕರರು ಒಂದು ದಿನದ ಸಂಬಳ ಕೊಟ್ಟದ್ದು ಬೇರೆ. ಸಭೆಗೆಂದು ಬಂದು ಕೂತಿದ್ದ ಹೊಸ ತಟ್ಟೆಗಳ ಪೆಟ್ಟಿಗೆಗಳನ್ನು ಅಧ್ಯಕ್ಷರು ತಾವೇ ಒಡೆಸಿ ಶಿಬಿರಕ್ಕೆ ಕಳಿಸಿದರು. ಠರಾವು ಆಮೇಲೆ ಬರೆದುಕೊಂಡೆವು.

ಕ್ವಾರ್ಟರ್ಸಿನ ಹೆಂಗಸರು ಅಡುಗೆಗೆ ನಿಂತರು. ನನ್ನ ಹೆಂಡತಿಗೆ ಈರುಳ್ಳಿ ಹೆಚ್ಚುವ ಪಾಳಿ. ಮೂರು ದಿನ ಹೆಚ್ಚಿ, ಇನ್ನು ಈ ಜನ್ಮದಲ್ಲಿ ಈರುಳ್ಳಿ ಬಜ್ಜಿ ಕೇಳಬೇಡಿ ಅಂದಿದ್ದಳು. ಲಾರಿಗಳು ಬಂದವು ಮೈಸೂರಿನಿಂದ, ಬೆಂಗಳೂರಿನಿಂದ. ಅತ್ತ ಕೇರಳವೂ ಮುಳುಗಿತ್ತು, ಆದರೂ ಜನ ಇಬ್ಬರಿಗೂ ಕೊಟ್ಟರು. ಬಟ್ಟೆಯ ಗುಡ್ಡವೇ ಬಿತ್ತು. ಜರಿ ಲಂಗ, ಕೋಟು, ಒಂದೇ ಕಾಲಿನ ಚಪ್ಪಲಿ. ಬೇಕಾದದ್ದು ಒಳ ಉಡುಪು, ಕೊಡೆ, ಟಾರ್ಪಾಲು, ಹೆಣ್ಣುಮಕ್ಕಳ ಪ್ಯಾಡು. ಅದನ್ನು ಗಂಡಸರು ಬಾಯಿಬಿಟ್ಟು ಹೇಳಲಿಲ್ಲ. ಮಹಿಳಾ ಪೇದೆಯೊಬ್ಬಳು ನೇರವಾಗಿ ಲಾರಿಯವರಿಗೇ ಫೋನು ಹಚ್ಚಿ ಗದರಿಸಿದ ಮೇಲೆ ಬಂತು.

ನನ್ನನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ, ಲಾರಿಯ ಹತ್ತಿರಕ್ಕೂ ಬಿಡಲಿಲ್ಲ. ಮಂಡಿನೋವಿನ ಹೆಡ್ ಕಾನ್‌ಸ್ಟೆಬಲ್ ನಾನು. "ರೈಟರ್ ಅಲ್ವಾ, ಬರೀರಿ" ಅಂದರು ಅಧ್ಯಕ್ಷರು. ಮೂಲೆಯಲ್ಲಿ ಮದುವೆಯ ಊಟದ ಟೇಬಲ್ ಹಾಕಿ, ಬಿಳಿ ಹಾಳೆ, ಕಾರ್ಬನ್ನು, ಸ್ಟ್ಯಾಂಪ್ ಪ್ಯಾಡು ಇಟ್ಟುಕೊಂಡು ಕೂತೆ. ಎರಡನೇ ದಿನಕ್ಕೇ ಅರ್ಥವಾಯಿತು, ಊಟದ ಸಾಲಿಗಿಂತ ಈ ಸಾಲು ಉದ್ದ. ಆಧಾರ್ ಹೋಗಿದೆ, ಪಡಿತರ ಚೀಟಿ ಹೋಗಿದೆ, ಪಾಸ್‌ಬುಕ್ಕು, ಪಹಣಿ, ಮಗಳ ಅಂಕಪಟ್ಟಿ. ಬೇರೆ ಪ್ರತಿ ಕೇಳಲು ಹೋದರೆ ಎಷ್ಟೋ ಕಡೆ ಮೊದಲ ಪ್ರಶ್ನೆ, ಪೊಲೀಸ್ ಹಿಂಬರಹ ಎಲ್ಲಿ? ಅನ್ನ ಯಾರಾದರೂ ಬಡಿಸಬಹುದು. ಹಿಂಬರಹ ಕೊಡಲು ಠಾಣೆಯೇ ಆಗಬೇಕಿತ್ತು. ಕೊಡಗಿನಲ್ಲಿ ಇನ್ನೊಂದು ತೊಡಕು. ಜಮ್ಮಾ ಜಮೀನು ಅಂದರೆ ಕುಟುಂಬದ ಪಟ್ಟೆದಾರನ ಹೆಸರಿನಲ್ಲಿ ಇರುತ್ತಿತ್ತು, ಉಳುವವನ ಹೆಸರು ಇನ್ನೆಲ್ಲೋ. ಹೊರಗಿನಿಂದ ಹೋದ ನನಗೆ ಅದನ್ನು ಬರೆಯುವುದು ಕಲಿಯಲು ಒಂದು ಬೆಳಗು ಹಿಡಿಯಿತು.

ಠಾಣೆಯ ಬರವಣಿಗೆ ಹೇಗೆ ಅಂತ ನಿಮಗೆ ಗೊತ್ತು. ಸದರಿ, ಮೇಲ್ಕಂಡ, ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ. ಮೂವತ್ತು ವರ್ಷ ಬರೆದ ಕೈ, ನಿದ್ದೆಯಲ್ಲಿ ಎಬ್ಬಿಸಿದರೂ ಹಾಗೇ ಓಡುತ್ತದೆ. ದಿನಕ್ಕೆ ಎಷ್ಟು ಬರೆದೆನೋ. ಮುಖ ನೋಡುವುದನ್ನೂ ಬಿಟ್ಟಿದ್ದೆ.

ನಾಲ್ಕನೇ ದಿನವೋ ಐದನೇ ದಿನವೋ, ಒಬ್ಬ ಅಜ್ಜಿ ಬಂದು ಕೂತಳು. ಯಾರದೋ ದೊಡ್ಡ ಸ್ವೆಟರು, ತೋಳು ಮಡಿಸಿ ಮಡಿಸಿ ಹಾಕಿಕೊಂಡಿದ್ದಳು. ಅವಳದು ಅರೆಭಾಷೆ, ನನಗೆ ಅರ್ಧ ತಿಳಿಯುತ್ತಿತ್ತು. ಪಕ್ಕದಲ್ಲಿ ಒಬ್ಬ ಹುಡುಗ ಉಳಿದರ್ಧ ಬಿಡಿಸಿ ಹೇಳುತ್ತಿದ್ದ.

"ಏನೇನು ಹೋಯ್ತು ಅಜ್ಜಿ?"

"ಗೌರಿ."

ನನ್ನ ಪೆನ್ನು ನಿಂತಿತು. ಮಗಳೋ, ಸೊಸೆಯೋ? ಅದಕ್ಕೆ ಬೇರೆಯೇ ಪಿರ್ಯಾದು, ಬೇರೆಯೇ ಕಾಲಂ. ಹುಡುಗ ಮೆಲ್ಲಗೆ, "ದನ ಸಾರ್" ಅಂದ.

ಉಸಿರು ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಸಿಟ್ಟೂ ಬಂತು. ಹಿಂದೆ ಅಷ್ಟುದ್ದ ಸಾಲು ನಿಂತಿದೆ. "ದನ ಎಷ್ಟು ಅಂತ ಹೇಳಿ ಅಜ್ಜಿ, ಸಂಖ್ಯೆ ಸಾಕು."

ಅವಳು ಸಂಖ್ಯೆ ಹೇಳಲಿಲ್ಲ. ಗೌರಿ, ಕಪಿಲೆ, ಗಂಗೆ, ಗಂಗೆಯ ಕರು, ಅದಕ್ಕಿನ್ನೂ ಹೆಸರಿಟ್ಟಿಲ್ಲ. ಗೌರಿ ಕರೆಯಲು ಕೂತರೆ ಬಾಲದಲ್ಲಿ ಹೊಡೆಯುತ್ತಿದ್ದಳು. ಕಪಿಲೆಗೆ ಒಂದು ಕೊಂಬು ಕೆಳಕ್ಕೆ. ಮನೆ ಹೋದದ್ದು, ತೋಟ ಹೋದದ್ದು ಆಮೇಲೆ ಬಂತು, ಅದೂ ನಾನು ಕೇಳಿದ್ದಕ್ಕೆ. ಆಧಾರ್ ಕಾರ್ಡು ಹೋಯಿತೇ ಅಂದರೆ ತಲೆಯಾಡಿಸಿದಳು, ಅಷ್ಟೇ.

ಮೊದಲು 'ಸದರಿಯವರ ನಾಲ್ಕು ಜಾನುವಾರುಗಳು' ಅಂತ ಬರೆದೆ. ಬರೆದದ್ದು ನೋಡಿದೆ. ಹಾಳೆ ಹರಿದು ಬೇರೆ ತೆಗೆದುಕೊಂಡೆ. 'ಕಳೆದುಹೋದವುಗಳ ವಿವರ' ಎಂಬ ತಲೆಬರಹದ ಕೆಳಗೆ ಒಂದು, ಗೌರಿ, ಬಿಳಿ ಹಸು, ಬಾಲ ಬೀಸುವ ಚಾಳಿ. ಎರಡು, ಕಪಿಲೆ, ಕಂದು ಬಣ್ಣ, ಎಡಗೊಂಬು ಬಾಗಿದೆ. ಮೂರು, ಗಂಗೆ. ನಾಲ್ಕು, ಸದರಿ ಗಂಗೆಯ ಕರು, ನಾಮಕರಣವಾಗಿರುವುದಿಲ್ಲ. ಇಂಥದ್ದನ್ನು ಸಾಹೇಬರು ಕಂಡರೆ ಏನನ್ನುತ್ತಾರೋ ಅಂದುಕೊಂಡೇ ಬರೆದೆ. ಕಾರ್ಬನ್ನು ಸರಿ ಕೂತಿದೆಯೇ ಅಂತ ಎರಡು ಸಲ ನೋಡಿಕೊಂಡೆ.

ಹೇಳಿಕೆ ಬರೆದ ಮೇಲೆ ಹೆಬ್ಬೆಟ್ಟು ಒತ್ತಿಸುವ ಮುಂಚೆ ಓದಿ ಹೇಳಬೇಕು, ಅದು ಕ್ರಮ. ಕೊನೆಯಲ್ಲಿ 'ಓದಿ ಕೇಳಲಾಗಿ ಸರಿಯಿದೆ' ಅಂತ ಬರೆಯುತ್ತೇವೆ. ಸಾವಿರ ಸಲ ಬರೆದಿದ್ದೇನೆ. ಎಷ್ಟು ಸಲ ನಿಜವಾಗಿ ಓದಿ ಹೇಳಿದ್ದೇನೆ ಅಂತ ಈಗ ಕೇಳಬೇಡಿ. ಅವತ್ತು ಓದಿದೆ, ನಿಧಾನವಾಗಿ. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಮೂರನೇ ಸಾಲಿಗೆ ಬಂದಾಗ ಕೈ ಅಡ್ಡ ಹಿಡಿದಳು.

"ಅದು ಬೇಡ ಮಗಾ."

"ಯಾಕಜ್ಜಿ? ನೀವೇ ಹೇಳಿದ್ದಲ್ವಾ?"

ಹುಡುಗ ಬಿಡಿಸಿ ಹೇಳಿದ. ಗುಡ್ಡ ಗುಡುಗಿದಾಗ ಇವಳು ಕೊಟ್ಟಿಗೆಗೆ ಓಡಿದಳಂತೆ. ಗಂಗೆಯ ಹಗ್ಗ ಮಾತ್ರ ಬಿಚ್ಚಲು ಆಯಿತಂತೆ. ಅಷ್ಟರಲ್ಲಿ ಯಾರೋ ಎಳೆದುಕೊಂಡು ಹೋದರು. ಗಂಗೆ ಮೇಲಿನ ಕಾಡಿನ ಕಡೆ ಓಡಿದ್ದನ್ನು ನೋಡಿದ್ದಾಳೆ, ಕರು ಹಿಂದೆ ಹೋಗಿರಬಹುದು. ಹೇಳುವಾಗ ನಾಲ್ಕೂ ಬಾಯಿಗೆ ಬಂದವು, ಕೇಳುವಾಗ ನೆನಪಾಯಿತು. ಬದುಕಿರುವುದನ್ನು ಸರ್ಕಾರದ ಕಾಗದದಲ್ಲಿ ಹೋಯಿತು ಅಂತ ಬರೆಸಿದರೆ ಹೇಗೆ?

"ಪರಿಹಾರ ಬರಬಹುದು ಅಜ್ಜಿ, ಇರಲಿ ಬಿಡಿ" ಅಂದೆ. ಪಕ್ಕದ ಮೇಜಿನ ಪೀಸಿಯೂ ಅದನ್ನೇ ಅಂದ. ಅವಳು ನನ್ನ ಪೆನ್ನಿನ ಮೇಲೆ ಬೆರಳಿಟ್ಟಳು.

ಮೊಮ್ಮಗ ತಟ್ಟೆ ಕೆಳಗಿಟ್ಟಿದ್ದ. "ಗಂಗೆ ಸಿಕ್ಕಿತಾ ತಾತ?"

ಗೊತ್ತಿಲ್ಲ ಕಂದ. ಕೆಲವು ದಿನಕ್ಕೆ ಆ ಅಜ್ಜಿಯನ್ನು ನೆಂಟರು ಬಂದು ಕರೆದುಕೊಂಡು ಹೋದರು, ನನಗೆ ಮತ್ತೆ ಠಾಣೆ ಡ್ಯೂಟಿ ಬಿತ್ತು. ಅವತ್ತು ಮೂರು ಮತ್ತು ನಾಲ್ಕನೇ ಸಾಲಿನ ಮೇಲೆ ಒಂದೊಂದು ಗೀಟು ಎಳೆದೆ. ತಿದ್ದುಪಡಿಯ ಪಕ್ಕದಲ್ಲಿ ನನ್ನ ಸಣ್ಣ ಸಹಿ ಹಾಕಿದೆ, ಕಾರ್ಬನ್ ಪ್ರತಿಯಲ್ಲೂ ಹಾಕಿದೆ. ಅವಳು ಎಡಗೈ ಹೆಬ್ಬೆಟ್ಟು ಒತ್ತಿ, ಇಂಕನ್ನು ಸ್ವೆಟರಿಗೆ ಒರೆಸಿಕೊಳ್ಳದೆ ಕೈ ಹಾಗೇ ಎತ್ತಿ ಹಿಡಿದುಕೊಂಡು ಊಟದ ಸಾಲಿಗೆ ಹೋದಳು.