ಬಗ್ಗುವ ವಿದ್ಯೆ

ಗಾಲ್ಫ್ ಆಟದ ವಿಷಯವಾಗಿ ನಾನು ಲೇಖನ ಬರೆದಿದ್ದೇನೆಂದು ತಿಳಿದರೆ ನನ್ನ ಸಹಪಾಠಿಗಳು ನಗುವುದು ಖಂಡಿತ. ನಾನು ಆ ಆಟವನ್ನು ಆಡಿದವನಲ್ಲ. ಆಡುವಷ್ಟು ಅನುಕೂಲವಂತನೂ ಅಲ್ಲ. ಆದರೆ ಆ ಮೈದಾನದಲ್ಲಿ ಆಡುವವರು ಒಂದು ಜಾತಿಯಾದರೆ ಹೊರುವವರು ಇನ್ನೊಂದು ಜಾತಿ. ನಾನು ಎರಡನೆಯ ಜಾತಿಗೆ ಸೇರಿದವನು. ನನ್ನ ತಂದೆಯವರು ನಮ್ಮೂರಿನ ಗಾಲ್ಫ್ ಮೈದಾನದಲ್ಲಿ 26 ವರ್ಷಗಳಿಂದ ಕ್ಯಾಡಿಯಾಗಿದ್ದಾರೆ. ಆಟಗಾರನ ಚೀಲವನ್ನು ಹೊತ್ತು ಅವನ ಹಿಂದೆ ನಡೆಯುವುದು, ಚೆಂಡು ಬಿದ್ದ ಜಾಗವನ್ನು ನೆನಪಿಡುವುದು, ಕೇಳಿದ ಕೋಲನ್ನು ಕೈಗಿಡುವುದು, ಇದು ಕ್ಯಾಡಿಯ ಕೆಲಸ. ನಿಯಮದ ಪ್ರಕಾರ ಒಂದು ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು. ನಮ್ಮೂರಿನ ಆಟಗಾರರಲ್ಲಿ ಹದಿಮೂರಕ್ಕೆ ತೃಪ್ತಿಪಟ್ಟವರನ್ನು ನಾನು ಕಂಡಿಲ್ಲ. ಚೀಲ ಹತ್ತು ಹನ್ನೆರಡು ಕಿಲೋಗೆ ಕಡಿಮೆಯಿರುವುದಿಲ್ಲ. 18 ಕುಳಿಗಳನ್ನು ಸುತ್ತಿ ಬರುವಾಗ ನಾಲ್ಕು ಗಂಟೆ ಕಳೆದಿರುತ್ತದೆ. ಆರೇಳು ಕಿಲೋಮೀಟರ್ ನಡೆದಿರುತ್ತೇವೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ತಂದೆಯವರು ನಲ್ಲಿಯ ಕೆಳಗಿನ ಕೊಡವನ್ನು ಎತ್ತಲು ಬಗ್ಗಿದವರು ಹಾಗೆಯೇ ನಿಂತುಬಿಟ್ಟರು. ಮೇಲೇಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷಿಸಿದ ವೈದ್ಯರು, ಮೂಳೆಗೆ ಏನೂ ಆಗಿಲ್ಲ, ಸ್ನಾಯುಗಳು ಹಿಡಿದುಕೊಂಡಿವೆ, ಮೂರು ವಾರ ಭಾರ ಹೊರಬೇಡಿ ಎಂದರು. ಹೇಳುವುದು ಸುಲಭ. ಕ್ಯಾಡಿಗೆ ಸಂಬಳವೆಂಬುದಿಲ್ಲ; ಹೊತ್ತ ದಿನ ಕೂಲಿ, ಹೊರದ ದಿನ ಗಾಳಿ. ಆದ್ದರಿಂದ ಭಾನುವಾರಗಳಲ್ಲಿ ತಂದೆಯವರ ಬದಲು ನಾನು ಹೋಗತೊಡಗಿದೆ.

ತಂದೆಯವರ ಖಾಯಂ ಆಟಗಾರರು ಒಬ್ಬ ನಿವೃತ್ತ ಇಂಜಿನಿಯರು. ಎಲ್ಲರೂ ಅವರನ್ನು ರಾಯರು ಎನ್ನುತ್ತಾರೆ. ವಯಸ್ಸು 71. ಉಳಿದವರು ಕಾರಿನಿಂದ ಇಳಿದವರೇ ಚೆಂಡಿಟ್ಟು ಹೊಡೆದರೆ, ರಾಯರು ಮಾತ್ರ ಅರ್ಧ ಗಂಟೆ ಮುಂಚಿತವಾಗಿ ಬಂದು ಮರದ ನೆರಳಿನಲ್ಲಿ ವಿಚಿತ್ರ ಚೇಷ್ಟೆಗಳನ್ನು ಮಾಡುತ್ತಿದ್ದರು. ಒಂದು ಕೋಲನ್ನು ಹೆಗಲ ಮೇಲೆ ಅಡ್ಡಲಾಗಿಟ್ಟುಕೊಂಡು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗುವುದು. ಮರವನ್ನು ಹಿಡಿದು ಒಂದು ಕಾಲನ್ನು ಗಡಿಯಾರದ ಲೋಲಕದಂತೆ ತೂಗುವುದು. ಚೆಂಡಿಲ್ಲದೆಯೇ ಕೋಲು ಬೀಸುವುದು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಮೊದಲ ವಾರ ನಾನು ನಗು ತಡೆದುಕೊಂಡೆ. ಎರಡನೆಯ ವಾರ ಅವರು ನೋಡಿಬಿಟ್ಟರು.

"ಏನಯ್ಯಾ, ಚೆಂಡು ಹೊಡೆಯುವುದು ತೋಳಿನ ಕೆಲಸ ಅಂದುಕೊಂಡಿದ್ದೀಯಾ?"

"ಹೌದು ಸಾರ್."

"ನಾನೂ ನಲವತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ನನ್ನ ಸೊಂಟ ದಂಡ ಕಟ್ಟಿತು."

ಅಂದು ಅವರು ನಡೆಯುತ್ತ ನಡೆಯುತ್ತ ಹೇಳಿದ್ದು ನನಗೆ ಯಾವ ತರಗತಿಯ ಪಾಠಕ್ಕಿಂತಲೂ ಚೆನ್ನಾಗಿ ನೆನಪಿದೆ. ಕೋಲನ್ನು ಹಿಂದಕ್ಕೆ ಎತ್ತಿದಾಗ ಭುಜಗಳು ಸುಮಾರು 90 ಡಿಗ್ರಿ ತಿರುಗುತ್ತವೆ. ಸೊಂಟದ ಕಟ್ಟು ಸುಮಾರು 45 ಡಿಗ್ರಿ. ಈ ತಿರುವೆಲ್ಲ ಬೆನ್ನಿನ ಕೆಳಭಾಗದಿಂದ ಬರುತ್ತದೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅಲ್ಲಿಯ ಐದು ಮೂಳೆಗಳು ಬಗ್ಗುವುದರಲ್ಲಿ ಗಟ್ಟಿಗರೇ ಹೊರತು ತಿರುಗುವುದರಲ್ಲಿ ಅಲ್ಲ. ಐದೂ ಸೇರಿ ಒಂದು ಕಡೆಗೆ ಹತ್ತು ಹದಿನೈದು ಡಿಗ್ರಿ ತಿರುಗಿದರೆ ಹೆಚ್ಚು. ಮಿಕ್ಕದ್ದನ್ನು ಮೇಲಿನ ಬೆನ್ನೂ ತೊಡೆಯ ಕೀಲುಗಳೂ ಕೊಡಬೇಕು. ಅವು ಬಿಗಿದುಕೊಂಡು ಕುಳಿತರೆ, ಮನೆಯಲ್ಲಿ ಸೋಮಾರಿ ಅಣ್ಣಂದಿರ ಪಾಲಿನ ಕೆಲಸವೂ ಬಡ ತಮ್ಮನ ತಲೆಗೆ ಬೀಳುವ ಹಾಗೆ, ಎಲ್ಲವೂ ಕೆಳಬೆನ್ನಿನ ಮೇಲೆ ಬೀಳುತ್ತದೆ. ಗಾಲ್ಫ್ ಆಡುವವರಿಗೆ ಮತ್ತೆಲ್ಲಕ್ಕಿಂತ ಹೆಚ್ಚಾಗಿ ಕೆಳಬೆನ್ನೇ ನೋಯುವುದು ಅದಕ್ಕೇ.

ಇನ್ನೊಂದು ಗುಟ್ಟನ್ನೂ ಅವರು ಹೇಳಿದರು. ಆಟಕ್ಕೆ ಮೊದಲು ಕೈಕಾಲುಗಳನ್ನು ಆಡಿಸಿ ಬಿಸಿ ಮಾಡಬೇಕೇ ವಿನಾ ಹೆಚ್ಚು ಹೊತ್ತು ಎಳೆದು ಹಿಡಿಯಬಾರದು. ಹಾಗೆ ಎಳೆದು ಹಿಡಿದು ಒಡನೆಯೇ ಆಡಿದರೆ ಹೊಡೆತದ ವೇಗ ತಗ್ಗುತ್ತದೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆಯಂತೆ. ನಿಧಾನವಾಗಿ ಎಳೆದು, ಇಪ್ಪತ್ತು ಮೂವತ್ತು ಸೆಕೆಂಡು ಹಿಡಿದು, ಉಸಿರು ಬಿಡುತ್ತ ಸಡಿಲಿಸುವ ಸಾಧನೆ ಆಟ ಮುಗಿದ ಮೇಲೆ, ಸಂಜೆ ಮನೆಯಲ್ಲಿ. ಜಗ್ಗಬಾರದು; ನೋವು ಬಂದಲ್ಲಿಗೆ ನಿಲ್ಲಿಸಬೇಕು; ನೋವು ಕಾಲಿಗೆ ಇಳಿದರೆ ವೈದ್ಯರ ಬಳಿ ಹೋಗಬೇಕು.

ನಾನು ಆ ವಾರವೆಲ್ಲ ಇದರ ವಿಷಯವನ್ನು ಹುಡುಕಿ ಓದಿದೆ. ದಕ್ಷಿಣ ಆಫ್ರಿಕದ ಗ್ಯಾರಿ ಪ್ಲೇಯರ್ ಎಂಬಾತ, ವ್ಯಾಯಾಮದಿಂದ ಆಟ ಕೆಡುತ್ತದೆಂದು ಉಳಿದವರು ನಂಬಿದ್ದ ಕಾಲದಲ್ಲಿಯೇ ಪ್ರತಿನಿತ್ಯ ಅಂಗಸಾಧನೆ ಮಾಡಿ, 1978ರಲ್ಲಿ 42ನೆಯ ವಯಸ್ಸಿನಲ್ಲಿ ಮಾಸ್ಟರ್ಸ್ ಪಂದ್ಯವನ್ನು ಗೆದ್ದನು. ಟೈಗರ್ ವುಡ್ಸ್‌ಗೆ 2014ರಿಂದ 2017ರೊಳಗೆ ಬೆನ್ನಿಗೆ ನಾಲ್ಕು ಶಸ್ತ್ರಚಿಕಿತ್ಸೆಗಳಾದವು. ಕೊನೆಯದರಲ್ಲಿ ಕೆಳಬೆನ್ನಿನ ಕೀಲನ್ನೇ ಬೆಸೆದುಬಿಟ್ಟರು. ಆ ಬೆಸೆದ ಬೆನ್ನಿನಲ್ಲಿಯೇ ಅವನು 2019ರಲ್ಲಿ ಅದೇ ಪಂದ್ಯವನ್ನು ಗೆದ್ದನು. ಇವರ ಕಥೆ ದೂರದ್ದಾಯಿತು. ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿಯೇ 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು, ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು ಅವರ ಶಿಷ್ಯರಾಗಿ ಜಗತ್ತಿಗೇ ಬಗ್ಗುವುದನ್ನು ಕಲಿಸಿದರು. ಕಲಿಯದೆ ಉಳಿದವರು ಮಗ್ಗುಲಲ್ಲಿದ್ದ ನಾವೇ.

ಈ ವಿದ್ಯೆಯನ್ನೆಲ್ಲ ಹೊತ್ತು ನಾನು ತಂದೆಯವರ ಮುಂದೆ ಚಾಪೆ ಹಾಸಿದೆ. ಅವರು ಚಾಪೆಯನ್ನೂ ನೋಡಿದರು, ನನ್ನನ್ನೂ ನೋಡಿದರು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೋ ಮಗ?"

"ರಾಯರು ಎಪ್ಪತ್ತೊಂದರಲ್ಲಿ ಬಗ್ಗುತ್ತಾರಲ್ಲಪ್ಪ."

"ಅದು ಆಡೋರಿಗೆ ಕಣೋ. ಹೊರೋರಿಗಲ್ಲ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತಾರು ವರ್ಷ ಅವರು ಎಷ್ಟೋ ಜನರ ವ್ಯಾಯಾಮವನ್ನು ಎಡಹೆಗಲಿನಲ್ಲಿ ಚೀಲ ಹೊತ್ತು ನಿಂತು ನೋಡಿದ್ದರು. ತಮಗೂ ಒಂದು ಬೆನ್ನಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ಹೆಗಲಿನ ದುಡ್ಡಿನಲ್ಲಿ ಶುಲ್ಕ ಕಟ್ಟಿ ಬಿ.ಎ. ಓದುತ್ತಿದ್ದವನು ನಾನೇ ಅಲ್ಲವೆ?

ಅವರ ಹಟವನ್ನು ಮುರಿದದ್ದು ನನ್ನ ವಾದವಲ್ಲ, ಸೈಕಲ್ಲು. ಮತ್ತೆ ಕೆಲಸಕ್ಕೆ ಹೊರಟ ದಿನ ತಿರುವಿನಲ್ಲಿ ಅವರಿಗೆ ಕತ್ತು ಹೊರಳಿಸಿ ಹಿಂದೆ ನೋಡಲಾಗದೆ ಲಾರಿಯೊಂದು ಮೈಗೆ ತಾಗಿದಂತೆಯೇ ಹಾದುಹೋಯಿತಂತೆ. ಮನೆಗೆ ಬಂದವರು ಏನೂ ಮಾತಾಡದೆ ಚಾಪೆ ಹಾಸಿಕೊಂಡರು. ಅವ್ವ ಮಾತ್ರ ಒಲೆಯ ಮುಂದೆ ಕಣ್ಣೊರೆಸಿಕೊಂಡಳು, ಹೊಗೆಯೆಂದಳು. ನಮ್ಮ ಒಲೆ ಗ್ಯಾಸಿನದು.

ಅಂದಿನಿಂದ ಪ್ರತಿ ರಾತ್ರಿ ಹದಿನೈದು ನಿಮಿಷ. ಮಗ್ಗುಲಾಗಿ ಮಲಗಿ, ಮಂಡಿ ಮಡಿಚಿ, ಮೇಲಿನ ತೋಳನ್ನು ಪುಸ್ತಕದ ಹಾಳೆ ತೆರೆದಂತೆ ಹಿಂದಕ್ಕೆ ತೆರೆಯುವುದು. ಅಂಗಾತ ಮಲಗಿ ಪಾದಕ್ಕೆ ಟವಲು ಸಿಕ್ಕಿಸಿ ಕಾಲನ್ನು ಮೇಲಕ್ಕೆ ತರುವುದು. ಮಂಡಿಯೂರಿ ಬೆಕ್ಕಿನಂತೆ ಬೆನ್ನನ್ನು ಉಬ್ಬಿಸಿ ತಗ್ಗಿಸುವುದು. ಮೊದಲ ವಾರ ತಂದೆಯವರ ಕಾಲು ಅರ್ಧಕ್ಕೂ ಬರಲಿಲ್ಲ. ನನ್ನದು ಅವರದಕ್ಕಿಂತ ನಾಲ್ಕು ಬೆರಳೂ ಮೇಲೇರಲಿಲ್ಲ. ಇಪ್ಪತ್ತು ವರ್ಷದ ನಾನು, ಕುರ್ಚಿಯಲ್ಲಿ ಕುಳಿತು ಕುಳಿತೇ ಐವತ್ತರವನಾಗಿದ್ದೆ.

ರಾಯರಿಗೆ ಒಂದು ಭಾನುವಾರ ಇದನ್ನೆಲ್ಲ ಹೇಳಿದೆ. ಅವರು ಒಂದು ಕುಳಿಯಿಂದ ಇನ್ನೊಂದರವರೆಗೂ ಮಾತಾಡಲಿಲ್ಲ. ಮುಂದಿನ ವಾರ ಅವರ ಚೀಲಕ್ಕೆ ಎರಡು ಹೆಗಲಿಗೂ ಹಾಕುವ ಪಟ್ಟಿಗಳಿದ್ದವು. ಒಳಗೆ ಕೋಲುಗಳು ಏಳೇ. "ಉಳಿದ ಏಳನ್ನು ನಾನು ಹೇಗೂ ಸರಿಯಾಗಿ ಹೊಡೆಯುತ್ತಿರಲಿಲ್ಲ" ಎಂದರು.

ಪವಾಡವೇನೂ ನಡೆಯಲಿಲ್ಲ. ಚಳಿಯ ಬೆಳಿಗ್ಗೆಗಳಲ್ಲಿ ತಂದೆಯವರ ಬೆನ್ನು ಈಗಲೂ ಗೊಣಗುತ್ತದೆ. ನಮ್ಮೂರಿನ ಮೈದಾನದಲ್ಲಿ ಸೋಮವಾರ ಸದಸ್ಯರಿಗೆ ಬಿಡುವು; ಅಂದು ಕ್ಯಾಡಿಗಳು ಆಡಬಹುದು. ಎರಡು ವರ್ಷ ಕೋಲು ಮುಟ್ಟದಿದ್ದ ತಂದೆಯವರು ಕಳೆದ ತಿಂಗಳು ಒಂದು ಸೋಮವಾರ ಚೆಂಡಿಟ್ಟರು. ಚೀಲ ನನ್ನ ಹೆಗಲ ಮೇಲಿತ್ತು. ಅವರು ನಿಧಾನವಾಗಿ ಹಿಂದಕ್ಕೆ ತಿರುಗಿದರು, ಬೀಸಿದರು. ಚೆಂಡು ಎಲ್ಲಿಗೆ ಹೋಯಿತೋ ನಾನು ನೋಡಲಿಲ್ಲ; ಅವರ ಬೆನ್ನನ್ನೇ ನೋಡುತ್ತಿದ್ದೆ. ಅವರು ಕತ್ತನ್ನು ಪೂರ್ತಿ ಹೊರಳಿಸಿ, ಹೆಗಲ ಮೇಲಿನಿಂದ ಹಿಂದೆ ನಿಂತಿದ್ದ ನನ್ನನ್ನು ನೋಡಿ ಗದರಿದರು:

"ನನ್ನ ಏನ್ ನೋಡ್ತೀಯೋ? ಚೆಂಡು ನೋಡೋದು ಕ್ಯಾಡಿ ಕೆಲಸ."

ಪರೀಕ್ಷೆಗಳು ಸಮೀಪಿಸುತ್ತಿವೆ. ಪುಸ್ತಕದ ಮೇಲೆ ಗೂನು ಬಿದ್ದು ಕುಳಿತಿರುವ ಮಿತ್ರರು ಈ ಪುಟವನ್ನು ಓದಿ ಮುಗಿಸಿದೊಡನೆ ಒಮ್ಮೆ ಎದ್ದು ನಿಂತು, ಕತ್ತು ತಿರುಗಿಸಿ ಹಿಂದೆ ನೋಡಲಿ. ಅಲ್ಲಿ ಯಾರಾದರೂ ಅವರ ಚೀಲವನ್ನು ಹೊತ್ತು ನಿಂತಿರಬಹುದು.