ಅಪ್ಪನ ಯೆಜ್ಡಿಗೆ ಒಂದು ನೆಟ್ಟಗಿನ ರಿಮ್

ಅಪ್ಪನ ಯೆಜ್ಡಿ ರೋಡ್‌ಕಿಂಗ್‌ನ ಮುಂದಿನ ರಿಮ್ ಬೆಂಡ್ ಮಾಡಿದ್ದು ನಾನೇ. ಹೋದ ಮಳೆಗಾಲ ಕೆರೆ ಏರಿ ಬಿರುಕು ಬಿಟ್ಟಿದೆ ಅಂತ ರಾತ್ರಿ ಫೋನ್ ಬಂತು. ನನ್ನ ಗಾಡಿ ಪಂಕ್ಚರ್ ಆಗಿತ್ತು, ಅಪ್ಪನದ್ದು ತಗೊಂಡು ಹೊರಟೆ. ನೀರು ತುಂಬಿದ ಗುಂಡಿ ಕಾಣಲಿಲ್ಲ, ಧಡ್ ಅಂತ ಇಳೀತು. ನಾನು ಬೀಳಲಿಲ್ಲ. ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಬೆಳಿಗ್ಗೆ ಬೈಕ್ ತೊಳೆದು ನಿಲ್ಲಿಸಿ ಸುಮ್ಮನಾದೆ.

15 ದಿನಕ್ಕೆ ಅಪ್ಪ ಬಿದ್ದರು. ಸಂತೆಯಿಂದ ಬರುವಾಗ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗಿತಂತೆ. ಮಣಿಕಟ್ಟು ಮುರೀತು. "ಗಾಡಿಗೂ ವಯಸ್ಸಾಯ್ತು, ನನಗೂ ಆಯ್ತು. ಮಾರಿಬಿಡು" ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ರಿಮ್ ಹುಡುಕೋಕೆ ಹೊರಟೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. 2022ರಲ್ಲಿ ಯೆಜ್ಡಿ ಹೆಸರಲ್ಲಿ ಹೊಸ ಬೈಕ್‌ಗಳು ಬಂದವು, ಆದರೆ ಅವು ಬೇರೆಯೇ ಗಾಡಿ. ಹಾಗಾಗಿ ಹಳೇ ರೋಡ್‌ಕಿಂಗ್‌ಗೆ ರಿಮ್ ಬೇಕಂದರೆ ಯಾರದೋ ಅಟ್ಟದಲ್ಲಿ ಉಳಿದ ಹಳೇ ಸ್ಟಾಕು, ಗುಜರಿ, ಇಲ್ಲವೇ ಈಗ ಯಾರೋ ಮಾಡಿ ಮಾರುವ ನಕಲು. ಇಷ್ಟೇ ದಾರಿ.

ಮೊದಲು ಒಂದು ಗುಜರಿ ಅಂಗಡಿಗೆ ಹೋದೆ. ಕ್ರೋಮ್ ಹೊಳೀತಿತ್ತು, ಅಳತೆ ಸರಿ, ಕಡ್ಡಿ ತೂತೂ 36 ಇದ್ದವು. ಚೌಕಾಸಿ ಮಾಡಿ ತಂದೆ. ನಮ್ಮೂರ ಮೆಕ್ಯಾನಿಕ್ ಹಬ್‌ಗೆ ಕಡ್ಡಿ ಕಟ್ಟಿ ತಿರುಗಿಸಿದ, ನೆಟ್ಟಗೇ ತಿರುಗಿತು. ಒಂದೇ ತಿಂಗಳಿಗೆ ಎರಡು ಕಡ್ಡಿ ಪಟ್ ಪಟ್ ಅಂತ ಕಿತ್ತುಕೊಂಡವು. ಎರಡು ತಿಂಗಳ ಸುದ್ದಿ ಬಿಲ್ಲಿನ ದುಡ್ಡು ಅದರಲ್ಲೇ ಹೋಯ್ತು.

ಕಾರಣ ತಿಳಿದದ್ದು ಮೈಸೂರಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ. ಅವರು ಚಕ್ರ ಮುಟ್ಟಿ ನೋಡಲೇ ಇಲ್ಲ. ಸ್ಪ್ಯಾನರ್‌ನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿದರು. ಕೆಲವು ಟಿಣ್ ಅಂದವು, ಕೆಲವು ಡಬ್ ಅಂದವು. "ನೋಡಪ್ಪ, ರಿಮ್ಮೇ ಸೊಟ್ಟ. ಕಡ್ಡಿ ಜಗ್ಗಿ ನೆಟ್ಟಗೆ ನಿಲ್ಲಿಸಿದ್ದಾರೆ. ಬಿಗಿ ಇರೋ ಕಡ್ಡಿ ಎಷ್ಟು ದಿನ ತಡೀತದೆ?" ಸ್ವಲ್ಪ ಅಡ್ಡ ಆಟ ಇದ್ದರೆ ಕಡ್ಡಿ ಬಿಗಿ ಸಡಿಲ ಮಾಡಿ ಸರಿ ಮಾಡಬಹುದಂತೆ. ಗುಂಡಿಗೆ ಬಿದ್ದು ಅಂಚು ಒಳಗೆ ತಗ್ಗಾಗಿದ್ದರೆ ಕಡ್ಡಿಯಿಂದ ಅದು ಸರಿಹೋಗಲ್ಲ.

ನೀವೂ ಹಳೇ ರಿಮ್ ಕೊಳ್ಳೋದಾದರೆ ಕ್ರೋಮ್ ನೋಡಿ ಮರುಳಾಗಬೇಡಿ. ಬರೀ ರಿಮ್ಮನ್ನು ಸಮನಾದ ಕಡಪ ಕಲ್ಲಿನ ಮೇಲೆ ಮಲಗಿಸಿ ಸುತ್ತಲೂ ಒತ್ತಿ. ಎಲ್ಲಾದರೂ ಟಕ್ ಟಕ್ ಅಂತ ಎದ್ದರೆ ಬಿಟ್ಟು ಬನ್ನಿ. ತಿರುವಿ ಹಾಕಿ ಇನ್ನೊಂದು ಮಗ್ಗುಲೂ ನೋಡಿ. ಆಮೇಲೆ ಅಂಚಿನ ಮೇಲೆ ಬೆರಳಾಡಿಸಿ, ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಗ್ತದೆ. ಟ್ಯೂಬ್ ಕೂರುವ ಒಳಭಾಗದಲ್ಲಿ ತುಕ್ಕು ತಿಂದಿದೆಯಾ, ಕಡ್ಡಿ ತೂತು ಸೀಳಿದೆಯಾ ಅಂತಲೂ ನೋಡಿ. ಅಂಗಡಿಯವನು ಗೊಣಗಿದರೆ ಗೊಣಗಲಿ.

ಆ ಮೆಕ್ಯಾನಿಕ್ ಹೇಳಿದ ಮನೆಯಲ್ಲಿ, ಬೂದು ಕಾಗದ ಸುತ್ತಿದ್ದ ಹಳೇ ಸ್ಟಾಕಿನ ರಿಮ್ ಒಂದು ಸಿಕ್ಕಿತು. ಮೇಲೆ ಅಲ್ಲಲ್ಲಿ ಮಚ್ಚೆ ಇತ್ತು. ಕಲ್ಲಿನ ಮೇಲೆ ಮಾತ್ರ ಅಲುಗಲಿಲ್ಲ. ಕಡ್ಡಿ ಅವರೇ ಕಟ್ಟಿಕೊಟ್ಟರು. ಮಧ್ಯಾಹ್ನ ಪೂರ್ತಿ ಹಿಡೀತು.

ಮನೆಗೆ ತಂದು ಅಪ್ಪನ ಎದುರು ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ತಿರುಗಿಸಿದೆ. ಆಗ ಹೇಳಿದೆ, ಗುಂಡಿ ವಿಷಯ. ಅವರು ಚಕ್ರ ನಿಲ್ಲೋವರೆಗೂ ಅದನ್ನೇ ನೋಡ್ತಿದ್ದರು. "ಬೆಳಿಗ್ಗೆ ಎದ್ದು ನೀನು ಬೈಕ್ ತೊಳೆದಿದ್ದು ಅದೊಂದೇ ದಿನ" ಅಂದು ಎದ್ದು ಒಳಗೆ ಹೋದರು.

100 ಕಿಲೋಮೀಟರ್ ಆದಮೇಲೆ ಕಡ್ಡಿ ಬಿಗಿ ಮತ್ತೊಮ್ಮೆ ನೋಡಿಸಬೇಕು. ಈಗ 60 ಆಗಿದೆ, ಎಲ್ಲಾ ನಾನೇ ಓಡಿಸಿದ್ದು. ಅಪ್ಪ ಇನ್ನೂ ಹತ್ತಿಲ್ಲ. ನಿನ್ನೆ ಕೀ ಎಲ್ಲಿಟ್ಟಿದ್ದಾನೆ ಅಂತ ಅಮ್ಮನನ್ನು ಕೇಳಿದರಂತೆ.