ಬೀಗದ ಕೈಗೆ ಹಸಿವಾದಾಗ

ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಬೀಗ ತೆಗೆಯುವ ಸಾಧನಕ್ಕೆ ‘ಬೀಗದ ಕೈ’ ಎನ್ನುತ್ತಾರೆ. ಧಾರವಾಡದ ಕಡೆ ಬೀಗವೇ ಕೀಲಿಯಾದ್ದರಿಂದ ಅಲ್ಲಿ ಅದು ‘ಕೀಲಿಕೈ’. ನಿಘಂಟು ತೆರೆದರೆ ‘ಬೀಗದೆಸಳು’ ಎಂಬ ಇನ್ನೂ ಸೊಗಸಾದ ಮಾತು ಸಿಗುತ್ತದೆ. ಕೈ ಎನ್ನಿ, ಎಸಳು ಎನ್ನಿ, ಆ ಕಬ್ಬಿಣದ ತುಂಡಿಗೆ ಒಂದು ದೊಡ್ಡ ಗುಣವಿತ್ತು: ಅದಕ್ಕೆ ಊಟ ಹಾಕಬೇಕಾಗಿರಲಿಲ್ಲ. ಉಗ್ರಾಣದ ಬೀಗದ ಕೈಯನ್ನು ಗೂಟಕ್ಕೆ ತಗಲಿಸಿ ಹತ್ತು ವರ್ಷ ಮರೆತರೂ, ಒಂದು ತೊಟ್ಟು ಎಣ್ಣೆ ಕಾಣಿಸಿದರೆ ಸೇವೆಗೆ ಸಿದ್ಧವಾಗುತ್ತಿತ್ತು.

ಈಗಿನ ಕಾರಿನ ಬೀಗದ ಕೈ ಹಾಗಲ್ಲ. ಕೆಲವು ವರ್ಷಕ್ಕೊಮ್ಮೆ ಅದಕ್ಕೆ ಹಸಿವಾಗುತ್ತದೆ. ಹತ್ತು ಮಾರು ದೂರದಿಂದ ಗುಂಡಿ ಒತ್ತಿದರೂ ಕಣ್ಣು ಮಿಟುಕಿಸುತ್ತಿದ್ದ ನಮ್ಮ ಕಾರು, ಕಳೆದ ತಿಂಗಳು ಬಾಗಿಲ ಬಳಿಯೇ ನಿಂತು ಮೂರು ಸಲ ಒತ್ತಿದ ಮೇಲೆ, ಬೇಕೋ ಬೇಡವೋ ಎಂಬಂತೆ ಓಗೊಡಲಾರಂಭಿಸಿತು. ಯಲಹಂಕದಿಂದ ಹೊರಟು ಹೆಬ್ಬಾಳದ ಮೇಲ್ಸೇತುವೆ ದಾಟಿ ಕಾಲೇಜು ಸೇರುವ ನನಗೆ ದಾರಿಯಲ್ಲಿ ಕಾದಿರುವ ತಪಸ್ಸೇ ಸಾಕಷ್ಟಿದೆ. ಅದು ಮನೆಯ ಬಾಗಿಲಿನಿಂದಲೇ ಆರಂಭವಾಗುವುದು ಬೇಡವೆನಿಸಿತು.

ಇಂಥ ಬ್ಯಾಟರಿಗೆ ನಾನು ಹೋದದ್ದು ಗಡಿಯಾರ ರಿಪೇರಿಯ ಅಂಗಡಿಗೆ. ಇದರಲ್ಲಿ ಒಂದು ಔಚಿತ್ಯವಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ನಮ್ಮ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಕೈಗಡಿಯಾರ ತಯಾರಾಗತೊಡಗಿತು. ಅಪ್ಪ ಬೆಳಿಗ್ಗೆ ಕಾಫಿ ಕುಡಿದ ಕೂಡಲೆ ತಮ್ಮ ‘ಜನತಾ’ ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಅಂದಿನ ಕಾಲ ಬೆರಳಿನ ಬಲದಿಂದ ನಡೆಯುತ್ತಿತ್ತು. ಕ್ವಾರ್ಟ್ಸ್ ಗಡಿಯಾರ ಬಂದ ಮೇಲೆ ಗುಂಡಿಯಂಥ ಬ್ಯಾಟರಿ ಮಣಿಕಟ್ಟಿನ ಮೂಲಕ ಮನೆ ಹೊಕ್ಕಿತು. 2016ರಲ್ಲಿ ಸರ್ಕಾರ ಆ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ರಿಪೇರಿಯವರು ಮಾತ್ರ ಉಳಿದಿದ್ದಾರೆ. ಗಡಿಯಾರದ ಗಿರಾಕಿ ಕಡಿಮೆಯಾಗಿ ಕಾರಿನ ಗಿರಾಕಿ ಹೆಚ್ಚಾಗಿದ್ದಾರೆ, ಅಷ್ಟೆ.

“ನಂಬರು ನೋಡ್ಕೊಂಡು ಬಂದ್ರಾ, ಮೇಷ್ಟ್ರೇ?” ಎಂದರು ಅಂಗಡಿಯ ಹಿರಿಯರು. ನೋಡಿಕೊಂಡು ಹೋಗಿದ್ದೆ: ಸಿಆರ್ 2032. ಈ ಸಂಖ್ಯೆ ಬರಿಯ ಗುರುತಲ್ಲ, ಅಳತೆ. 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ. ಇದರ ತಮ್ಮ 2025. ಅಗಲ ಅಷ್ಟೇ, ದಪ್ಪ 2.5. ಎರಡಕ್ಕೂ 3 ವೋಲ್ಟೇ. ತಮ್ಮನನ್ನು ಅಣ್ಣನ ಜಾಗದಲ್ಲಿ ಕೂರಿಸಿದರೆ ಕೂರುತ್ತಾನೆ. ಆದರೆ ಒಳಗಿನ ಲೋಹದ ನಾಲಿಗೆ ಸರಿಯಾಗಿ ತಾಕದೆ, ಒಂದು ಮಾತ್ರೆ ಕಡಿಮೆ ಬಿದ್ದ ಷಟ್ಪದಿಯಂತೆ ಅಲ್ಲಲ್ಲಿ ಮುಗ್ಗರಿಸುತ್ತದೆ.

ಕೆಲಸವೇನೋ ಐದು ನಿಮಿಷದ್ದು. ಬೀಗದ ಕೈಯ ಬದಿಯ ಸಣ್ಣ ಚಿಲಕ ಸರಿಸಿದರೆ ಒಳಗೆ ಅಡಗಿದ್ದ ನಿಜವಾದ ಕೀ ಹೊರಬರುತ್ತದೆ. (ನಿಘಂಟಿನ ಎಸಳು ಇದೇ ಇರಬೇಕೆಂದು ನನಗೆ ಸಂತೋಷವಾಯಿತು. ಬ್ಯಾಟರಿ ಪೂರ್ತಿ ಸೋತರೂ ಬಾಗಿಲು ತೆಗೆಯಲು ಈ ಎಸಳು ಸಾಕು.) ಅದು ಬಿಟ್ಟುಹೋದ ಸಂದಿಯಲ್ಲಿ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯಿಟ್ಟು ಮೆಲ್ಲನೆ ತಿರುವಿದರೆ, ಒಣಗಿದ ಹೊಂಗೆಕಾಯಿಯಂತೆ ಎರಡು ಹೋಳು. ಹಳೆಯ ಬ್ಯಾಟರಿಯ ಯಾವ ಮುಖ ಮೇಲಿತ್ತೆಂದು ನೋಡಿಕೊಂಡು, ಹೊಸದನ್ನು ಅಂಚು ಹಿಡಿದು ಹಾಗೆಯೇ ಕೂರಿಸಿ ಒತ್ತಬೇಕು. ಕಾರು ಹಳೆಯ ಉತ್ಸಾಹದಿಂದ ಕಣ್ಣು ಮಿಟುಕಿಸಿತು. ಮನೆಯಾಕೆ ಕಿಟಕಿಯಿಂದ ನೋಡಿ, “ಪರವಾಗಿಲ್ಲವೇ!” ಎಂದಳು. ಕನ್ನಡ ಎಂ.ಎ. ಮಾಡಿದವನಿಗೆ ಇಂಥ ಪ್ರಶಸ್ತಿ ಆಗಾಗ ಸಿಗುವುದಿಲ್ಲ.

ನಾನು ಇಷ್ಟನ್ನೂ ಬರೆಯಲು ಕೂತದ್ದು ಮೇಜಿನ ಮೇಲೆ ಉಳಿದ ಹಳೆಯ ಬ್ಯಾಟರಿಗಾಗಿ. ನಮ್ಮದು ಕೂಡು ಕುಟುಂಬ. ತಮ್ಮನ ಮಗಳಿಗೆ ಎರಡು ವರ್ಷ, ಸಿಕ್ಕಿದ್ದೆಲ್ಲವೂ ಅವಳ ಬಾಯಿಗೆ. ಹೊಳೆಯುವ ಈ ಬಿಲ್ಲೆ ಹೆಚ್ಚುಕಡಿಮೆ ಒಂದು ರೂಪಾಯಿಯ ನಾಣ್ಯದಷ್ಟು. ನಾಣ್ಯ ನುಂಗಿದ ಮಕ್ಕಳ ಕಥೆ ಪ್ರತಿ ಮನೆಯಲ್ಲೂ ಒಂದಿರುತ್ತದೆ, ಬಾಳೆಹಣ್ಣು ತಿನ್ನಿಸಿದೆವು, ಮರುದಿನ ಹೋಯಿತು ಎಂದು ಮುಗಿಯುತ್ತದೆ. ಆ ಧೈರ್ಯವನ್ನು ಇಲ್ಲಿ ತರಬಾರದು. 1800ರಲ್ಲಿ ಇಟಲಿಯ ವೋಲ್ಟಾ ಬೆಳ್ಳಿಯ ಮತ್ತು ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯಿಟ್ಟು ವಿದ್ಯುತ್ತು ಹರಿಸಿದ. ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿಗೆ ಆ ಒದ್ದೆ ಬಟ್ಟೆಯ ಕೆಲಸವನ್ನು ನಾಳದ ತೇವದ ಗೋಡೆಯೇ ಮಾಡಿಕೊಡುತ್ತದೆ. ಋಣ ಮುಖ ತಾಕಿದ ಕಡೆ ತೀಕ್ಷ್ಣವಾದ ಕ್ಷಾರ ಹುಟ್ಟಿ, ಎರಡೇ ಗಂಟೆಯೊಳಗೆ ಗಾಢವಾದ ಸುಟ್ಟ ಗಾಯವಾಗಬಹುದು. ಬ್ಯಾಟರಿ ಒಡೆಯಬೇಕೆಂದಿಲ್ಲ, ಸೋರಬೇಕೆಂದೂ ಇಲ್ಲ. ಕಾರಿಗೆ ಸಾಲದೆಂದು ನಾವು ತೆಗೆದೆಸೆದದ್ದರಲ್ಲಿಯೂ ಇಷ್ಟಕ್ಕೆ ಸಾಲುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಶಂಕೆ ಬಂದರೂ ಸಾಕು, ವಾಂತಿ ಮಾಡಿಸದೆ, ನಾಳೆಯವರೆಗೆ ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ನಾಣ್ಯದ ನೆರಳಿಗೆ ಒಂದೇ ಅಂಚು, ಬ್ಯಾಟರಿಯ ನೆರಳಿಗೆ ಸಾಮಾನ್ಯವಾಗಿ ಎರಡು ಬಳೆ; ವೈದ್ಯರು ಅದರಿಂದ ಗುರುತಿಸುತ್ತಾರೆ.

ಮಗು ಅತ್ತರೆ ಬೀಗದ ಕೈ ಗೊಂಚಲನ್ನು ಕೈಗೆ ಕೊಟ್ಟು ಸಮಾಧಾನಪಡಿಸುವುದು ನಮ್ಮ ಮನೆಗಳ ಹಳೆಯ ಉಪಾಯ. ಕಬ್ಬಿಣದ ಕಾಲಕ್ಕೆ ಅದು ಸರಿಯಾಗಿತ್ತು. ಆಟದ ಸಾಮಾನಿನ ಬ್ಯಾಟರಿ ಮುಚ್ಚಳಕ್ಕಾದರೂ ಒಂದು ಸ್ಕ್ರೂ ಹಾಕಿರುತ್ತಾರೆ. ನನ್ನ ಕಾರಿನ ಬೀಗದ ಕೈಗೆ ಅದೂ ಇಲ್ಲ, ನೆಲಕ್ಕೆ ನಾಲ್ಕು ಸಲ ಕುಕ್ಕಿದರೆ ಹೊಂಗೆಕಾಯಿ ಬಾಯಿ ಬಿಟ್ಟೀತು.

ಹಳೆಯದರ ಎರಡು ಮುಖಕ್ಕೂ ಟೇಪು ಸುತ್ತಿ, ಡಬ್ಬಿಗೆ ಹಾಕಿ, ಬೀರುವಿನ ಮೇಲಿಟ್ಟೆ. “ಸತ್ತ ಬ್ಯಾಟರಿಗೆ ಇಷ್ಟೊಂದು ಬಂದೋಬಸ್ತೇನೋ?” ಎಂದು ಅಮ್ಮ ನಕ್ಕರು. ವಿಷಯ ಹೇಳಿದ ಮೇಲೆ ಎದ್ದುಹೋಗಿ ಟೀವಿಯ ರಿಮೋಟು, ದೇವರ ಮುಂದಿನ ಮಿಣುಕು ದೀಪ, ತೂಕದ ಯಂತ್ರ ಎಲ್ಲವನ್ನೂ ತಿರುಗಿಸಿ ನೋಡಿ ಬಂದರು. ಎರಡರಲ್ಲಿ ಇದೇ ಬಿಲ್ಲೆ. ಡಬ್ಬಿಯನ್ನು ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವವರಿಗೆ ಭಾನುವಾರ ಕೊಡೋಣವೆಂದಿದ್ದೆ. ಇಂದು ಬೆಳಿಗ್ಗೆ ನೋಡಿದರೆ, ಮಗು ಸ್ಟೂಲನ್ನು ಬೀರುವಿನ ಕಡೆಗೆ ಎಳೆಯುತ್ತಿತ್ತು. ಸಂಜೆಯೇ ಕೊಟ್ಟು ಬರುತ್ತೇನೆ.